ಗಿರಣಿ ದಾಟಿ ಹೋದ ಡಬ್ಬಿ

ನಮ್ಮ ಓಣಿಯಲ್ಲಿ ಹೆಂಗಸರು ಬರಿಗೈಯಲ್ಲಿ ನಡೆಯುತ್ತಿರಲಿಲ್ಲ. ತಲೆಯ ಮೇಲೆ ಕೊಡ, ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು, ಏನಾದರೊಂದು ಇರುತ್ತಿತ್ತು. ಏನೂ ಇಲ್ಲದೆ ಹೊರಬಿದ್ದರೆ ಒಂದೊಂದು ಬಾಗಿಲಿನಿಂದಲೂ ಒಂದೇ ಮಾತು ಬರುತ್ತಿತ್ತು: "ಎಲ್ಲಿಗಿ ಹೊಂಟೀರಿ?" ಕೇಳುವುದು ಪ್ರೀತಿ, ಕೇಳದಿದ್ದರೆ ಮುನಿಸು. ಆ ಮಾತಿಗೆ ಹೆದರಿ ನಾನು ಅಕ್ಕನಿಗೆ ಏನು ಮಾಡಿದೆ ಎಂಬುದನ್ನು ಬರೆಯಲು ಕುಳಿತಿದ್ದೇನೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಕೈ ನಿಧಾನ.

ಅಕ್ಕ ಮತ್ತು ನಾನು ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಪ್ಪ ಚಿತ್ತಾಪುರದಿಂದ ನಮ್ಮಿಬ್ಬರನ್ನೂ ಶಹಾಬಾದದ ಅಣ್ಣ-ತಮ್ಮಂದಿರಿಗೆ ಕೊಟ್ಟಿದ್ದ. ಹಾಗಾಗಿ ನಾವು ಒಡಹುಟ್ಟಿದವರೂ ಹೌದು, ನೆಗೆಣ್ಣಿಯರೂ ಹೌದು. ಗಂಡಂದಿರು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವಲ್ಲಿ ದುಡಿಯುತ್ತಿದ್ದರು. ಸಂಜೆ ಅವರ ಅಂಗಿಗಳಿಂದ ಬೂದುಬಣ್ಣದ ರಾಡಿ ಹಿಂಡಿ ಹಿಂಡಿ ನಮ್ಮ ಮುಂಗೈ ಸೋಲುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಗುಲಬರ್ಗಾದ ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ತಪ್ಪದೆ ನಡೆಯಬೇಕು ಅಂದರು.

"ಮನ್ಯಾಗ ಮುಂಜಾನಿಂದ ತಿರುಗೇ ತಿರುಗ್ತೀನಲ್ರಿ," ಅಂದಳು ಅಕ್ಕ.

"ಅದು ಕೆಲಸ ಆಯ್ತವ್ವ. ಇದು ಬ್ಯಾರೆ. ಉಸಿರು ಸ್ವಲ್ಪ ಏರಬೇಕು. ಒಬ್ಬಾಕಿಗೆ ಬ್ಯಾಸರ ಆದ್ರ ತಂಗೀನ ಕರಕೊಂಡು ಹೋಗು."

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನಗೆ ಇವತ್ತಿಗೂ ನೆನಪಿದೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, "ಕಸರತ್ತು ತಾಲೀಮಿನ ಹುಡುಗರು ಮಾಡ್ತಾರ. ರೊಟ್ಟಿ ಬಡಿಯೋರಿಗಿ ಯಾತರ ಕಸರತ್ತು?" ಅಂದಳು. ನನಗೂ ಹಾಗೆಯೇ ಅನಿಸಿತ್ತು. ದುಡಿದು ದಣಿದ ಮೈಯನ್ನು ಮತ್ತೆ ದಣಿಸುವುದು ಯಾವ ನ್ಯಾಯ?

ಮರುದಿನ ಬೆಳಕು ಹರಿಯುವ ಮುಂಚೆ ಹೊರಟೆವು. ಉಸಿರು ಏರಬೇಕಲ್ಲ, ಬಿರಬಿರನೆ ನಡೆದೆವು, ಮಾತಾಡಲಿಲ್ಲ. ಮೂಲೆಮನೆಯ ಮುದುಕಿ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಎಲ್ಲಿಗಿ ಹೊಂಟೀರವ್ವಾ ಇಬ್ಬರೂ?"

"ಸುಮ್ಮ, ಹಿಂಗ," ಅಂದಳು ಅಕ್ಕ.

ಅದೇ ತಪ್ಪಾಯಿತು. ನಸುಕಿನಲ್ಲಿ ಇಬ್ಬರು ಹೆಂಗಸರು ಬರಿಗೈಯಲ್ಲಿ, ಬಾಯಿ ಮುಚ್ಚಿಕೊಂಡು, ಅವಸರದಲ್ಲಿ ಹೋಗುವುದು ನಮ್ಮಲ್ಲಿ ಒಂದಕ್ಕೇ, ಹತ್ತಿರದವರು ಯಾರಾದರೂ ತೀರಿಕೊಂಡಾಗ. ಮುದುಕಿ ತಂಬಿಗೆ ಅಲ್ಲೇ ಇಟ್ಟು, ಸೆರಗು ತಲೆಗೆ ಎಳೆದುಕೊಂಡು ನಮ್ಮ ಹಿಂದೆ ಬಂದಳು.

"ಯಾರು ಹೋದ್ರು? ಹೇಳ್ರಿ, ನನ್ನ ಎದಿ ಗಟ್ಟಿ ಅದ."

"ಯಾರೂ ಹೋಗಿಲ್ಲ ಆಯಿ. ಡಾಕ್ಟರ್ ನಡೀ ಅಂದಾರ."

"ನಡೀಲಿಕ್ಕ ಯಾರರ ಡಾಕ್ಟರ್ ಹತ್ರ ಹೋಗ್ತಾರೇನು? ಮುಚ್ಚಿಡಬ್ಯಾಡ್ರಿ."

ನಾವು ಸಾವಿನ ಸುದ್ದಿ ಮುಚ್ಚಿಡುತ್ತಿದ್ದೇವೆ ಎಂದೇ ಓಣಿ ನಂಬಿತು. ಚಿತ್ತಾಪುರಕ್ಕೆ ಹೋಗುವವರು ಯಾರೋ ಆ ಸುದ್ದಿಯನ್ನು ರೈಲಿನಲ್ಲಿ ಜೊತೆಗೆ ಒಯ್ದರು. ಎರಡು ದಿನ ಬಿಟ್ಟು ಅವ್ವ ಬಂದಳು. ವಾಡಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನ ಮೇಲೆ ಕುಳಿತು ಅತ್ತಿದ್ದಳಂತೆ. ಒಳಗೆ ಬಂದರೆ ನಾವಿಬ್ಬರೂ ಒಲೆಯ ಮುಂದೆ ಇದ್ದೇವೆ, ಅಳಿಯಂದಿರು ಊಟಕ್ಕೆ ಕುಳಿತಿದ್ದಾರೆ. ಅವ್ವ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಗೋಡೆಗೆ ಒರಗಿ ಕುಳಿತಳು.

"ಗುರುತಿಲ್ಲದ ಮಂದಿ ಮುಂದ ಅತ್ತೀನಿ," ಅಂದಳು. "ಅವರು ಚಾ ಕುಡಿಸಿ ಸಮಾಧಾನ ಮಾಡ್ಯಾರ. ಅವರಿಗಿ ನಾ ಈಗ ಏನು ಹೇಳ್ಲಿ?"

ನಾವು ನಕ್ಕೆವು. ಆದರೆ ಅಕ್ಕ ಮರುದಿನದಿಂದ ಹೊಸ್ತಿಲು ದಾಟಲಿಲ್ಲ.

ಡಬ್ಬಿಯ ಉಪಾಯ ನನ್ನದು. ಗಿರಣಿ ಇದ್ದದ್ದು ಪಾಲಿಶ್ ಕಾರ್ಖಾನೆಗಳ ಆಚೆ, ಸ್ಟೇಷನ್ನಿನ ಹಾದಿಯಲ್ಲಿ, ನಮ್ಮ ಮನೆಯಿಂದ ಸಾಕಷ್ಟು ದೂರ. ಬೀಸಲು ಜೋಳ ಒಯ್ಯುವವಳನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಹೊರಡುತ್ತಿದ್ದೆವು. ಹೋಗುವಾಗ ಅದು ಜೋಳ, ಬರುವಾಗ ನೋಡಿದವರ ಕಣ್ಣಿಗೆ ಹಿಟ್ಟು. ನಾವು ಗಿರಣಿ ದಾಟಿ ಮುಂದಿನ ಬೇವಿನ ಮರದವರೆಗೆ ಹೋಗಿ, ಅದೇ ಜೋಳ ಹೊತ್ತು ಮನೆಗೆ ಬರುತ್ತಿದ್ದೆವು. ಯಾರಾದರೂ ತೀರ ಹತ್ತಿರ ಬಂದರೆ "ಕರೆಂಟ್ ಹೋಗ್ಯಾದ" ಅಂದರೆ ಮುಗಿಯಿತು. ಆ ಮಾತನ್ನು ಸುಳ್ಳು ಅನ್ನುವವರು ಆಗ ಯಾರೂ ಇರಲಿಲ್ಲ.

ಮೊದಮೊದಲು ಮೂಲೆ ತಿರುಗುವಷ್ಟರಲ್ಲಿ ಅಕ್ಕ ನಿಲ್ಲುತ್ತಿದ್ದಳು. ಬರಬರುತ್ತ ಅವಳ ಹೆಜ್ಜೆ ನನಗಿಂತ ಮುಂದಾಯಿತು. ಮುಖ ಹಗುರಾಯಿತು. ಬೇಸರ ಹಿಡಿದದ್ದು ನನಗೆ. ಡಬ್ಬಿ ಹೊರುವವಳು ನಾನು, ಸೊಂಟ ನೋಯುವುದು ನನಗೆ. ಗುಟ್ಟು ಗೊತ್ತಿದ್ದದ್ದು ಗಿರಣಿ ನಡೆಸುವ ಚಾಚಾನಿಗೆ ಮಾತ್ರ. ಒಂದು ದಿನ ಸಾಲಿನಲ್ಲಿ ನಿಂತಿದ್ದ ಹೆಂಗಸರ ಎದುರಿಗೇ ಅವನು ಕೂಗಿ ಕೇಳಿದ:

"ಏನ್ ಬಾಯಿ, ನಿಮ್ಮ ಜೋಳ ಊರೆಲ್ಲಾ ನೋಡಿ ಬಂತು. ಹಿಟ್ಟು ಆಗೋದು ಯಾವಾಗ?"

"ಇನ್ನಾ ಎಳೇದು ಅದ ಚಾಚಾ, ಬಲೀಲಿ," ಅಂದಳು ಅಕ್ಕ. ಹೆಂಗಸರು ನಕ್ಕರು, ಅಕ್ಕನೂ ನಕ್ಕಳು. ನನ್ನ ಕಿವಿ ಮಾತ್ರ ಬಿಸಿಯಾಯಿತು. ನಾಳೆ ಇದು ಓಣಿಗೆ ಮುಟ್ಟುತ್ತದೆ, ನಮ್ಮ ಹೆಸರು ಹೇಳಿ ನಗುತ್ತಾರೆ ಎಂದು ಹಾದಿಯುದ್ದಕ್ಕೂ ಯೋಚಿಸಿದೆ.

ಮರುದಿನ ಅಕ್ಕ ತಲೆಗೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದಳು. ನಾನೊಬ್ಬಳೇ ಹೋಗಿ ಮನೆಯಲ್ಲಿ ಉಳಿದಿದ್ದ ಜೋಳವನ್ನೆಲ್ಲ ಬೀಸಿಸಿಕೊಂಡು ಬಂದೆ.

"ಯಾಕ ಬೀಸಿಸಿದಿ?" ಅಂದಳು.

"ಹಿಟ್ಟು ಮುಗಿದಿತ್ತು. ಹೊಸ ಜೋಳ ಬರ್ಲಿ, ಮತ್ತ ಹೋಗೋಣ."

ಹಿಟ್ಟು ಮುಗಿದಿರಲಿಲ್ಲ. ಸೇಡಂ ಕಡೆಯಿಂದ ಹೊಸ ಜೋಳ ಬಂದಾಗ ನನಗೆ ಮೊಣಕಾಲು ನೋವು ಅಂದೆ. ಆಮೇಲೆ ಮಳೆ ಅಂದೆ. ಅಕ್ಕ ಮತ್ತೆ ಕೇಳಲಿಲ್ಲ. ನಾನೂ ನೆನಪು ಮಾಡಲಿಲ್ಲ. ಆದರೆ ಅವಳು ಚೊಂಬು ಚೊಂಬು ನೀರು ಕುಡಿಯುವುದನ್ನು, ಕುಳಿತಲ್ಲೇ ತೂಕಡಿಸುವುದನ್ನು ಕಂಡಾಗೆಲ್ಲ ಅಲ್ಲಿಂದ ಏಳುತ್ತಿದ್ದೆ. ನೋಡಬಾರದೆಂದು ಬೇರೆ ಕೆಲಸ ಹುಡುಕುತ್ತಿದ್ದೆ.

ಎರಡು ಬೇಸಿಗೆ ಹೀಗೇ ಹೋದವು. ಮೂರನೆಯದರಲ್ಲಿ ಅಂಗಳದ ಹಾಸುಗಲ್ಲುಗಳ ಮೇಲೆ ಸಂಡಿಗೆ ಇಡುತ್ತಿದ್ದೆವು. ತಿನ್ನುವ ಪದಾರ್ಥ ಇರುವಲ್ಲಿ ಚಪ್ಪಲಿ ಹಾಕುವ ರೂಢಿ ಇಲ್ಲ. ಶಹಾಬಾದದ ಕಲ್ಲು ಮಧ್ಯಾಹ್ನ ಹಂಚಿನಂತೆ ಕಾಯುತ್ತದೆ. ನಾನು ಒದ್ದೆ ಚೀಲದ ಮೇಲೆ ಜಿಗಿಜಿಗಿದು ಹೋಗುತ್ತಿದ್ದೆ. ಅಕ್ಕ ನಿಧಾನವಾಗಿ ಓಡಾಡುತ್ತ ಒಂದೊಂದೇ ಸಂಡಿಗೆ ತಿರುವಿ ಹಾಕುತ್ತಿದ್ದಳು.

"ಸುಡಂಗಿಲ್ಲೇನು ನಿನಗ?"

"ನೀ ಭಾಳ ನಾಜೂಕಿನಾಕಿ," ಅಂದಳು.

ಸಂಜೆ ನಡುಮನೆಯ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಯಾರೋ ನೀರು ಚೆಲ್ಲಿದ್ದಾರೆ ಎಂದು ಒರೆಸಿದೆ. ಒರೆಸಿದ ಬಟ್ಟೆ ಅಂಟಂಟಾಗಿತ್ತು. ಹೆಜ್ಜೆ ಹಿಡಿದು ಹೋದರೆ ಅಕ್ಕ ಮಂಚದ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಾಳೆ. ಅಂಗಾಲು ಎತ್ತಿ ನೋಡಿದೆ. ಗುಳ್ಳೆಗಳು ಎದ್ದು ಒಡೆದು ಚರ್ಮ ಜೋತಿತ್ತು. "ಏನಾಗ್ಯಾದ?" ಎಂದು ಅವಳು ನನ್ನನ್ನೇ ಕೇಳಿದಳು.

ಗಾಯ ಮಾಯಲಿಲ್ಲ. ಕೊನೆಗೆ ಗುಲಬರ್ಗಾದಲ್ಲಿ ಎಡಗಾಲಿನ ಹೆಬ್ಬೆರಳು ತೆಗೆದರು. ಕೊಳೆಯುವುದು ಇನ್ನೂ ಮೇಲಕ್ಕೆ ಹೋಗದಂತೆ ನೋಡಿಕೊಳ್ಳಬೇಕು ಅಂದರು. ಡಾಕ್ಟರು ಹಳೆಯ ಚೀಟಿ ನೋಡಿ, "ದಿನಾ ನಡೀತಿದ್ರೇನು?" ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ.

"ನಡೀತಿದ್ವಿರಿ," ಅಂದಳು.

ನಡೆಯದೆ ಇದ್ದದ್ದಕ್ಕೇ ಬೆರಳು ಹೋಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಸಕ್ಕರೆ ಭಾಳ ದಿನ ಏರಿತ್ತು, ನರ ಸತ್ತಿದ್ದವು ಅಂದರು, ಅಷ್ಟೇ. ಅದು ಏರಿದ್ದ ದಿನಗಳಲ್ಲಿ ನಾನು ಏನು ನೆಪ ಹೇಳುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು.

ಗಾಯ ಮಾಯ್ದ ಮೇಲೆ ಮೆತ್ತನೆಯ ಚಪ್ಪಲಿ ಕೊಟ್ಟು, ನಿಧಾನವಾಗಿ ನಡೆಯಿರಿ, ದಿನಾ ಅಂಗಾಲು ನೋಡಿಕೊಳ್ಳಿರಿ ಅಂದರು. ಅಕ್ಕ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದಳು. "ಮೊದಲು ಎಲ್ಲಿಗಿ ಅಂತಿದ್ರು. ಈಗ ಕುಂಟೋದೂ ನೋಡ್ತಾರ," ಅಂದಳು. ನಾನು ಬೇಡಿಕೊಂಡೆ, ಬೈದೆ, ಅತ್ತೆ. ಅವಳು ಅಲುಗಲಿಲ್ಲ. ಇನ್ನೊಂದು ಬೆರಳು, ಆಮೇಲೆ ಪಾದ ಎಂಬ ಯೋಚನೆ ರೊಟ್ಟಿ ಬಡಿಯುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನೊಬ್ಬಳೇ ಹೊರಟೆ. ಡಬ್ಬಿ ಇಲ್ಲ, ಚೀಲ ಇಲ್ಲ. ಬರಿಗೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡೆ.

"ಎಲ್ಲಿಗವ್ವಾ?" ಅಂದಳು ಮೂಲೆಯ ಮುದುಕಿ.

"ನಡೀಲಿಕ್ಕ."

"ನಡೀಲಿಕ್ಕ ಹೌದು, ಎಲ್ಲಿಗಿ?"

"ಎಲ್ಲಿಗೂ ಇಲ್ಲ ಆಯಿ. ಹೋಗಿ ಬರ್ತೀನಿ, ಅಷ್ಟೇ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನೀರು ಹಾಕತೊಡಗಿದಳು. ಅಷ್ಟೇ ಆದದ್ದು. ಇಷ್ಟು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ದಿನಾ ಹೋದೆ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಮೂಲೆಯಿಂದಲೇ ತಿರುಗಿ ಬಂದೆ, ಕೆಲವು ದಿನ ಏಳಲೇ ಇಲ್ಲ. ಆದರೆ ಬಿಟ್ಟ ಮರುದಿನ ಅಕ್ಕನ ಕಾಲು ಕಣ್ಣಿಗೆ ಬೀಳುತ್ತಿತ್ತು, ಎದ್ದು ಹೋಗುತ್ತಿದ್ದೆ. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ದಿನ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇದ್ದವು.

"ನೀ ಒಬ್ಬಾಕೇ ದಿನಾ ಮನಿ ಬಿಟ್ಟು ಹೋದ್ರ ನೆಗೆಣ್ಣೇರು ಜಗಳಾಡ್ಯಾರ ಅಂತಾರ ಮಂದಿ."

"ಅನ್ಲಿ ಬಿಡು."

"ಏನು ಅನ್ಲಿ? ನಡಿ."

ಅವತ್ತು ಮೂಲೆಯವರೆಗೆ ಮಾತ್ರ. ಗಿರಣಿ ಮುಟ್ಟಲು ಎಷ್ಟೋ ತಿಂಗಳು ಬೇಕಾದವು. ಮುಟ್ಟಿದ ದಿನ ಗಿರಣಿಯ ಬಾಗಿಲು ಇನ್ನೂ ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕುಳಿತೆವು. ನಾನು ಆ ಜೋಳದ ಮಾತು ತೆಗೆದೆ. ಹಿಟ್ಟು ಮುಗಿದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಅಂದೆ.

"ಗೊತ್ತದ. ಅವತ್ತು ಮುಂಜಾನಿ ರೊಟ್ಟಿಗಿ ಹಿಟ್ಟು ತಗದಾಕಿ ನಾನೇ. ಇನ್ನಾ ಅರ್ಧ ಇತ್ತು."

"ಮತ್ತ ಕೇಳಬಾರ್ದಿತ್ತೇನು?"

ಅಕ್ಕ ಚಪ್ಪಲಿಯ ಪಟ್ಟಿ ಸರಿ ಮಾಡಿದಳು. "ಕೇಳಿದ್ರ ಮರುದಿನ ನಡೀಬೇಕಾಗ್ತಿತ್ತು," ಅಂದಳು.

ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ. ಅವಳಿಗೆ ನಡೆಯುವುದು ಬೇಡವಾಗಿತ್ತು, ಅದಕ್ಕೇ ಅಲ್ಲವೇ ಡಾಕ್ಟರು ನನ್ನನ್ನು ಜೊತೆಗೆ ಕಳಿಸಿದ್ದು?

ಮನೆಗೆ ಬಂದ ಮೇಲೆ ಅವಳು ಎಂದಿನಂತೆ ಕಟ್ಟೆಯ ಮೇಲೆ ಕುಳಿತು ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಳು. ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಅಂಗಾಲು ನೋಡಿದೆ.

"ಏನರ ಅದ?"

"ಏನೂ ಇಲ್ಲ."

"ಸರಿ ನೋಡಿದಿ?"

ಬೆರಳ ಸಂದುಗಳನ್ನು ಬಿಡಿಸಿ ಮತ್ತೊಮ್ಮೆ ನೋಡಿದೆ.