ಬ್ಯಾಟರಿ ತಿರುಗಿಸಿದ ದಿನ

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಕಾರು ರಿಪೇರಿ ಅವರ ಕಸುಬು. ಗಾಡಿ ಇನ್ನೂ ಶೆಡ್ಡಿನ ಬಾಗಿಲಿಗೆ ಬಂದಿರುವುದಿಲ್ಲ, ಇವರು ಒಳಗಿನಿಂದಲೇ "ಮೂರನೇ ಪ್ಲಗ್ ಹೊಡೀತಿಲ್ಲ" ಎಂದು ಕೂಗುತ್ತಿದ್ದರು. ಹಳೆಯ ಕಾಲದ ಕಾರುಗಳಲ್ಲಿ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಟಿಗಳಿರುತ್ತವೆ. ಅವು ಬಾಯಿ ಬಿಟ್ಟಾಗಲೆಲ್ಲ ಒಂದು ಕಿಡಿ ಹುಟ್ಟಿ, ಆ ಕಿಡಿಗೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಬೇರೆ ಮೆಕ್ಯಾನಿಕ್‌ಗಳು ಆ ಸಂದಿಗೆ ಉಕ್ಕಿನ ತೆಳು ಪಟ್ಟಿ ತೂರಿಸಿ ಅಳೆಯುತ್ತಿದ್ದರು. ಇವರು ಕಣ್ಣಂದಾಜಿನಲ್ಲಿ ಇಟ್ಟು, ಎಂಜಿನ್ನಿನ ಸದ್ದು ಕೇಳಿ, ಮತ್ತೆ ಕೂದಲೆಳೆಯಷ್ಟು ಸರಿಸುತ್ತಿದ್ದರು.

ನನ್ನ ಕೆಲಸ ಕೀಲಿ ತಿರುಗಿಸುವುದು. ಅವರ ತಲೆ ಬಾನೆಟ್ಟಿನೊಳಗೆ, ನಾನು ಡ್ರೈವರ್ ಸೀಟಿನಲ್ಲಿ. "ಹೊಡಿ" ಅಂದರೆ ತಿರುಗಿಸಬೇಕು, "ಬಿಡು" ಅಂದರೆ ಬಿಡಬೇಕು. ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಕಾರು ಓಡಿಸಲು ಮಾತ್ರ ನನಗೆ ಬರುವುದಿಲ್ಲ. "ನಿನ್ ಕೈಲಿ ಸ್ಟಾರ್ಟ್ ಆಗ್ದೇ ಇರೋ ಗಾಡೀನೂ ಇಲ್ಲ, ಒಂದಡಿ ಮುಂದೆ ಹೋದ ಗಾಡೀನೂ ಇಲ್ಲ" ಎಂದು ರೇಗಿಸುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅವರಿಗೆ ಮರೆವು ಶುರುವಾಯಿತು. ಸ್ಪ್ಯಾನರ್ ಕೈಯಲ್ಲೇ ಹಿಡಿದುಕೊಂಡು ಸ್ಪ್ಯಾನರ್ ಹುಡುಕುವುದು, ಊಟ ಆದಮೇಲೆ ಊಟ ಕೇಳುವುದು. ನಾನು ವಯಸ್ಸು ಎಂದು ಸುಮ್ಮನಿದ್ದೆ. ಮಗಳು ಸುಮ್ಮನಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು, ಎರಡು ಬೀದಿ ಆಚೆಗೆ ಅವಳ ಮನೆ. ಒಂದು ದಿನ ಇವರು ಚಕ್ರಕ್ಕೆ ಕಲ್ಲು ಕೊಡದೆ ವ್ಯಾನಿಗೆ ಜ್ಯಾಕ್ ಹಾಕಿದರು. ವ್ಯಾನು ಜಾರಿ ಧಡ್ ಎಂದು ಕೂತಿತು. ಆಗ ಅದರ ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಮಗಳು ಅದೇ ದಿನ ಬಂದು ನಿಂತಳು.

"ಅಪ್ಪ, ಇನ್ನು ಸಾಕು. ಶೆಡ್ಡಿಗೆ ಬೀಗ ಹಾಕೋಣ."

"ಒಂದ್ಸಲ ಜ್ಯಾಕ್ ಜಾರಿದ್ದಕ್ಕೆ ನನ್ನನ್ನೇ ಮೂಲೆಗೆ ಹಾಕ್ತೀಯಾ?"

"ನಾಳೆ ಯಾರಾದ್ರೂ ಸತ್ತರೆ?"

ಇವರು ಜ್ಯಾಕನ್ನು ಎತ್ತಿ ಮೂಲೆಗಿಟ್ಟರು. ಆಮೇಲೆ ಎಂದರು, "ಔಷಧಿ ಅಂಗಡಿಯವರ ಕಾರು ಬರ್ತಾ ಇದೆ. ಅದೊಂದು ಮಾಡ್ತೀನಿ. ಅದ್ರಲ್ಲಿ ತಪ್ಪಿದ್ರೆ ಬೀಗ ನೀನೇ ಹಾಕು. ಸರಿಯಾಗಿ ಓಡಿದ್ರೆ ಮತ್ತೆ ಈ ಮಾತೆತ್ತಬಾರದು." ಮಗಳು ನನ್ನ ಮುಖ ನೋಡಿದಳು. "ಒಪ್ಕೊಳೇ" ಎಂದು ನಾನೇ ಹೇಳಿದೆ.

ಔಷಧಿ ಅಂಗಡಿಯವರು ತಮ್ಮ ಆ ಬೂದು ಬಣ್ಣದ ಹಳೆಯ ಕಾರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. "ಮೇಸ್ತ್ರಿ, ದೊಡ್ಡಮ್ಮನಿಗೆ ಬೆಳಿಗ್ಗೆ ಎದ್ದರೆ ಕೆಮ್ಮು. ನನ್ನ ಅಂಗಡಿಯ ಯಾವ ಔಷಧಿಯೂ ನಾಟ್ತಿಲ್ಲ" ಎಂದರು. ಪಾಯಿಂಟ್ ತೆಗೆದು ಅಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಬೇಕೆಂದು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಪಾರ್ಸೆಲ್ಲಿನಲ್ಲಿ ತರಿಸಿದ್ದರು. ಅದಕ್ಕೆ ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಅದು ಬಂದರೆ ತುಟಿ ಬೇಡ, ಅಳತೆ ಬೇಡ, ಕಿವಿಯೂ ಬೇಡ.

ಇವರು ಬ್ಯಾಟರಿ ಇಳಿಸಿ, ಅದರ ತಟ್ಟೆ ತೊಳೆದು, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಡಬ್ಬಿ ಕೂರಿಸಿದರು. ಕೆಂಪು ತಂತಿ ಎಲ್ಲಿಗೆ, ಕಪ್ಪು ಎಲ್ಲಿಗೆ ಎಂದು ಡಬ್ಬಿಯ ಜೊತೆ ಬಂದ ಕಾಗದ ನೋಡಿಯೇ ಸೇರಿಸಿದರು. ಬ್ಯಾಟರಿ ಮತ್ತೆ ಇಟ್ಟರು. "ಹೊಡಿ" ಎಂದರು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ.

"ಬಿಡು."

ಪ್ಲಗ್ ಬಿಚ್ಚಿ, ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದರು. ಕಿಡಿ ಇಲ್ಲ. ಕಿಡಿಗೆ ಬಲ ಕೊಡುವ ಕಾಯಿಲ್‌ಗೆ ಟೆಸ್ಟ್ ಲ್ಯಾಂಪ್ ಇಟ್ಟರು, ಕರೆಂಟು ಬರುತ್ತಿತ್ತು. ಕಾಯಿಲ್ಲನ್ನೇ ಬದಲಾಯಿಸಿ ನೋಡಿದರು. ಒಂದೊಂದನ್ನೂ ಕ್ರಮ ತಪ್ಪದೆ ನೋಡುತ್ತ ಹೋದ ಅವರನ್ನು ಕಂಡು ನನಗೆ ಹೆಮ್ಮೆಯೇ ಆಯಿತು. ಸಂಜೆಗೆ ಕೈ ಒರೆಸಿಕೊಂಡು, "ಡಬ್ಬಿ ಸತ್ತಿದೆ. ಕೆಟ್ಟ ಮಾಲು ಕಳಿಸಿದಾರೆ" ಎಂದರು. ಔಷಧಿ ಅಂಗಡಿಯವರು ಇನ್ನೊಂದು ತರಿಸಿದರು.

ಎರಡನೆಯ ಡಬ್ಬಿ ಕೂರಿಸಿದ ದಿನ ಮಗಳೂ ಬಂದಿದ್ದಳು. ಅವಳೂ ಔಷಧಿ ಅಂಗಡಿಯವರೂ ಬೀದಿ ಬದಿಯ ಬೆಂಚಿನ ಮೇಲೆ ಕೂತಿದ್ದರು. ಬಾನೆಟ್ ಎತ್ತಿದ್ದರಿಂದ ಒಳಗಿನದು ಅವರಿಗೆ ಕಾಣುತ್ತಿರಲಿಲ್ಲ. ನಾನು ಸೀಟಿನಲ್ಲಿ ಕೂತೆ.

"ಏ ಇವಳೇ, ಕೀ ಮುಟ್ಬೇಡ. ಮೊದಲು ಲೈಟ್ ಹಾಕು. ಬ್ಯಾಟರಿ ಗಟ್ಟಿ ಇದೆಯಾ ನೋಡೋಣ."

ಲೈಟ್ ಹಾಕಿದೆ. ದೀಪ ಜೋರಾಗಿಯೇ ಬಂತು. ಆದರೆ ನನ್ನ ಮುಂದಿನ, ಬ್ಯಾಟರಿಯ ಕರೆಂಟು ತೋರಿಸುವ ಆಂಪ್ ಮೀಟರಿನ ಮುಳ್ಳು ಬಲಕ್ಕೆ ವಾಲಿತು.

ಅದು ಎಡಕ್ಕೆ ಹೋಗಬೇಕು. ಇದು ನನಗೆ ಹೇಗೆ ಗೊತ್ತು ಎಂದರೆ, ಅವರೇ ಹೇಳಿಕೊಟ್ಟಿದ್ದು. ಆ ಕಾರು ಹುಟ್ಟಿದಾಗ ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿ ಎನ್ನುವ ಕಾರಿನ ಲೋಹದ ಮೈಗೆ ಸೇರಿತ್ತು. ಆ ಕಾಲದ ಎಷ್ಟೋ ಕಾರುಗಳು ಹಾಗೆಯೇ. ಔಷಧಿ ಅಂಗಡಿಯವರ ತಂದೆ ಅದಕ್ಕೆ ರೇಡಿಯೊ ಹಾಕಿಸಿದಾಗ ಇವರು ಬ್ಯಾಟರಿ ತಿರುಗಿಸಿಟ್ಟು, ನೆಗೆಟಿವ್ ಕಡೆಯನ್ನು ಆ ಮೈಗೆ ಕೊಟ್ಟು, ಮೀಟರಿನ ತಂತಿಗಳನ್ನೂ ಅದಲು ಬದಲು ಮಾಡಿದ್ದರು. ಆಗ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ನನ್ನನ್ನು ಸೀಟಿನಲ್ಲಿ ಕೂರಿಸಿ, "ಎಡಕ್ಕೆ ಹೋದ್ರೆ ಬ್ಯಾಟರಿ ಖಾಲಿ ಆಗ್ತಿದೆ, ಬಲಕ್ಕೆ ಹೋದ್ರೆ ತುಂಬ್ತಿದೆ. ಎಂಜಿನ್ ನಿಂತಿರುವಾಗ ತುಂಬೋದಕ್ಕೆ ಸಾಧ್ಯವೇ ಇಲ್ಲ, ತಿಳೀತಾ?" ಎಂದಿದ್ದರು. ಆಮೇಲೆ ರೇಡಿಯೊ ಹಚ್ಚಿದರು. ಬಂದದ್ದು ಹಾಡಲ್ಲ, ಹವಾಮಾನ ವರದಿ. ಯಾವುದೋ ಸಮುದ್ರದಲ್ಲಿ ಗಾಳಿ ಜೋರು, ದೋಣಿಯವರು ಹೋಗಬಾರದು. ನಾವಿಬ್ಬರೂ ಅದನ್ನೇ ಕೊನೆಯವರೆಗೂ ಕೇಳಿದ್ದೆವು.

ಲೈಟಿಗೂ ಸ್ಟಾರ್ಟರಿಗೂ ಬ್ಯಾಟರಿ ಯಾವ ಕಡೆ ಇದ್ದರೂ ಒಂದೇ. ಈ ಡಬ್ಬಿ ಮಾತ್ರ, ಬ್ಯಾಟರಿ ತಿರುಗಿ ಕೂತಿದ್ದರೆ, ಕೀಲಿ ತಿರುಗಿಸಿದ ಕ್ಷಣದಲ್ಲೇ ಸುಟ್ಟು ಹೋಗುತ್ತದೆ. ನಾನು ಇಳಿದು ಅವರ ಪಕ್ಕಕ್ಕೆ ಹೋದೆ. ದನಿ ತಗ್ಗಿಸಿ ಹೇಳಿದೆ.

"ರೀ, ಬ್ಯಾಟರಿ ತಿರುಗಾಮುರುಗಾ ಆಗಿದೆ."

"ಈ ಗಾಡಿ ಪಾಸಿಟಿವ್ ಬಾಡಿ. ನನಗೇ ಹೇಳ್ತೀಯಾ?"

"ನೀವೇ ತಿರುಗಿಸಿಟ್ರಲ್ಲ, ರೇಡಿಯೊ ಹಾಕೋವಾಗ."

"ಯಾವ ರೇಡಿಯೊ?"

ಕೆಟ್ಟು ಎಷ್ಟೋ ವರ್ಷವಾಗಿದ್ದ ಆ ರೇಡಿಯೊ ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ನಾನು ತೋರಿಸಿದೆ. ಅವರು ಬಗ್ಗಿ ನೋಡಿದರು. ಯಾರದೋ ಮನೆಯ ಮಗುವನ್ನು ನೋಡುವ ಹಾಗೆ ನೋಡಿದರು.

ಗಟ್ಟಿಯಾಗಿ ಹೇಳಿದ್ದರೆ ಮಗಳು ಕೇಳಿಸಿಕೊಳ್ಳುತ್ತಿದ್ದಳು. "ಒಳಗೆ ಹೋಗಿ ಟೀ ಕುಡಿದು ಬನ್ನಿ, ಆರಿ ಹೋಗ್ತಿದೆ" ಎಂದೆ. ಅವರು ಹೋದರು. ನಾನು ಸ್ಪ್ಯಾನರ್ ತೆಗೆದುಕೊಂಡೆ. ಬ್ಯಾಟರಿಯ ಮೇಲೆ ಪಾಸಿಟಿವಿನ ಕಂಬ ದಪ್ಪ, ನೆಗೆಟಿವಿನದು ಸಣ್ಣ. ತಂತಿ ಕಚ್ಚಿಸುವ ದೊಡ್ಡ ಕ್ಲ್ಯಾಂಪು ಸಣ್ಣ ಕಂಬಕ್ಕೆ ಬಿಗಿಯಾಗಲೆಂದು ಅವರು ತಗಡಿನ ಚೂರು ಸುತ್ತಿದ್ದರು. ತಪ್ಪನ್ನೂ ಎಷ್ಟು ಒಪ್ಪವಾಗಿ ಮಾಡಿದ್ದರು! ಕೈಗೆ ತಾಗಿ ಕುಯ್ಯದಂತೆ ಆ ಸುತ್ತಿನ ಅಂಚನ್ನೂ ಮಡಚಿದ್ದರು. ತಗಡು ಬಿಚ್ಚಿ ಎಸೆದೆ. ತಟ್ಟೆಯಲ್ಲೇ ಬ್ಯಾಟರಿ ಎಳೆದು ತಿರುಗಿಸಿ, ಬಿಗಿದು, ಸೀರೆಗೆ ಕೈ ಒರೆಸಿಕೊಂಡು ಸೀಟಿನಲ್ಲಿ ಕೂತೆ.

ಅವರು ಬಂದು ಬಗ್ಗಿದರು. "ಹೊಡಿ."

ಒಂದೇ ಸಲಕ್ಕೆ ಹಿಡಿಯಿತು. ಕೆಮ್ಮಿಲ್ಲ, ನಡುಕವಿಲ್ಲ. ಅವರು ಎಂಜಿನ್ನಿನ ಮೇಲೆ ಕಿವಿ ಇಟ್ಟು, ಡಿಸ್ಟ್ರಿಬ್ಯೂಟರನ್ನು ಚೂರು ತಿರುಗಿಸಿ, ಕಣ್ಣು ಮುಚ್ಚಿದರು. "ಹಾಂ" ಎಂದರು.

"ನೋಡಮ್ಮ ನರ್ಸಮ್ಮ! ಮೊದಲನೇ ಡಬ್ಬೀನೇ ಕೆಟ್ಟದ್ದು ಅಂತ ನಾನು ಹೇಳ್ಲಿಲ್ವಾ?" ಎಂದು ಕೂಗಿದರು. ಔಷಧಿ ಅಂಗಡಿಯವರು ಅವರ ಬೆನ್ನು ತಟ್ಟಿದರು. ಮಗಳಿಗೆ ಅಳು ಬಂತು. "ತಪ್ಪಾಯ್ತಪ್ಪ. ಇನ್ನು ಬೀಗದ ಮಾತೆತ್ತಲ್ಲ" ಎಂದಳು. ನಾನು ಕಾರಿನಿಂದ ಇಳಿಯಲೇ ಇಲ್ಲ. ಮೀಟರಿನ ಮುಳ್ಳನ್ನೇ ನೋಡುತ್ತ ಕೂತೆ.

ನಾಲ್ಕು ದಿನ ಬಾಯಿ ಕಟ್ಟಿಕೊಂಡಿದ್ದೆ. ಐದನೆಯ ದಿನ ಹಾಲಿನ ವ್ಯಾನಿನವನು ಬ್ರೇಕ್ ಹಿಡಿಯುತ್ತಿಲ್ಲ ಎಂದು ಬಂದ. ಬ್ರೇಕ್! "ಬೇರೆ ಕಡೆ ತೋರಿಸಪ್ಪ" ಎಂದು ಕಳಿಸಿಬಿಟ್ಟೆ. ಇವರು ಒಳಗಿನಿಂದ ಕೇಳಿಸಿಕೊಂಡಿದ್ದರು.

"ನನ್ ಗಿರಾಕೀನ ಓಡಿಸೋಕೆ ನೀನ್ಯಾರೇ?"

ಆಗ ಎಲ್ಲ ಹೇಳಿದೆ. ಮುಳ್ಳು, ರೇಡಿಯೊ, ತಗಡಿನ ಚೂರು, ನಾನು ಬ್ಯಾಟರಿ ತಿರುಗಿಸಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ಹಾಗಾದ್ರೆ ಮೊದಲನೇ ಡಬ್ಬಿ ಸುಟ್ಟಿದ್ದು ನಾನೇ."

"ಹೂಂ ಕಣ್ರೀ."

"ಆ ಪಾರ್ಸೆಲ್ನೋರಿಗೆ ಸುಮ್ಮನೆ ಬೈದ್ಬಿಟ್ಟೆ."

ಅಂಗಿ ಹಾಕಿಕೊಂಡು ಔಷಧಿ ಅಂಗಡಿಗೆ ನಡೆದುಕೊಂಡೇ ಹೋದರು, ತಪ್ಪು ತಮ್ಮದು ಎಂದು ಹೇಳಿ ಬಂದರು. ದಾರಿಯಲ್ಲಿ ಮಗಳ ಮನೆಗೂ ಹೋಗಿ ಹೇಳಿದರಂತೆ. ಬಂದವರು ತಾವೇ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದರು. ಅಂಥ ಮನುಷ್ಯ ಅವರು.

ಆದರೆ ಮರುದಿನ ಬೆಳಿಗ್ಗೆ ಎದ್ದು, "ಶೆಡ್ಡಿಗೆ ಯಾರು ಬೀಗ ಹಾಕಿದ್ದು?" ಎಂದು ಕೇಳಿದರು. ನಾನು ಮತ್ತೆ ಎಲ್ಲ ಹೇಳಿದೆ. ಅದೇ ಸ್ಟೂಲು, ಅದೇ ಅಂಗೈ. "ಹಾಗಾದ್ರೆ ಮೊದಲನೇ ಡಬ್ಬಿ ಸುಟ್ಟಿದ್ದು ನಾನೇ." ಅದರ ಮರುದಿನವೂ ಹಾಗೆಯೇ. ನಮಗೆ ಹಳತಾಗುತ್ತ ಬಂದ ನೋವು ಅವರಿಗೆ ದಿನವೂ ಹೊಸದು. ಕಸುಬು ಒಂದು ಸಲ ಹೋದರೇ ಸಂಕಟ. ಅವರ ಕಸುಬು ನನ್ನ ಬಾಯಿಂದ ಮೂರು ಸಲ ಹೋಯಿತು.

ನಾಲ್ಕನೆಯ ದಿನ ಕೇಳಿದಾಗ, "ಇವತ್ತು ಯಾವ ಗಾಡೀನೂ ಬಂದಿಲ್ಲ ಕಣ್ರೀ" ಎಂದೆ.

"ಸರಿ ಬಿಡು. ಬಂದ್ರೆ ಕರಿ" ಎಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಅಲ್ಲಿಂದ ಒಂದೂವರೆ ವರ್ಷ ಬದುಕಿದ್ದರು. ದಿನಾ ಕೇಳುತ್ತಿದ್ದರು, ದಿನಾ ನಾನು ಅದೇ ಸುಳ್ಳು ಹೇಳುತ್ತಿದ್ದೆ. ಒಂದು ದಿನವೂ ಅವರು ಅದನ್ನು ಅನುಮಾನಿಸಲಿಲ್ಲ.