ಎರಡನೇ ಸಲ ಚುಚ್ಚದವರು

ನಮ್ಮ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಅವರು ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ದೂರದ ಬೀದಿಗಳಿಂದಲೂ ಜನ ಬರುತ್ತಿದ್ದರು. ಗೋಡೆಯ ಈಚೆ ಯಂತ್ರದ ಮುಂದೆ ಕೂತು ಅದೇ ರಕ್ತವನ್ನು ಪರೀಕ್ಷೆ ಮಾಡುತ್ತಿದ್ದ ನನ್ನನ್ನು ನಾಯಿಯೂ ಮೂಸುತ್ತಿರಲಿಲ್ಲ. ಆ ಹೊಟ್ಟೆಕಿಚ್ಚು ನನಗಿತ್ತು, ಮುಚ್ಚುಮರೆ ಯಾಕೆ.

ಅವರದೊಂದು ಹಟವಿತ್ತು: ಒಬ್ಬರಿಗೆ ಒಂದೇ ಚುಚ್ಚು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಮುದುಕಿಗೆ ನಾಲ್ಕು ಸಲ ಚುಚ್ಚಿದ್ದರಂತೆ. ಮುದುಕಿ ಅಳಲಿಲ್ಲ, ಬೈಯಲಿಲ್ಲ. "ಕಲಿತಾಯ್ತಾ ಮಗಳೇ?" ಎಂದು ಕೇಳಿದಳಂತೆ, ಅಷ್ಟೇ. ಆ ಮಾತು ಮುಳ್ಳಿನ ಹಾಗೆ ಅವರಲ್ಲಿ ಉಳಿದುಬಿಟ್ಟಿತು. ಇದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ, ಪ್ರತಿ ಸಲವೂ ಮೊದಲ ಸಲ ಹೇಳುವವರಂತೆ.

ಇನ್ನು ನನ್ನ ಯಂತ್ರದ ಕಥೆ. ವರ್ಷಕ್ಕೆ ಒಂದೆರಡು ಸಲ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಐದರೊಳಗೆ ಇರಬೇಕು. ಏಳು ದಾಟಿದರೆ ಹೃದಯ ಯಾವಾಗ ನಿಲ್ಲುತ್ತದೋ ಹೇಳಲಾಗದು. ನನ್ನ ಯಂತ್ರ ಕೆಲವೊಮ್ಮೆ ಎಂಟು, ಒಂಬತ್ತು ಎಂದು ತೋರಿಸುತ್ತಿತ್ತು, ಆ ರೋಗಿಯೋ ಹೊರಗಿನ ಬೆಂಚಿನಲ್ಲಿ ಕೂತು ಪಕ್ಕದವರ ಜೊತೆ ಹರಟುತ್ತಿರುತ್ತಿದ್ದ. ಮರುದಿನ ಹೊಸ ರಕ್ತ ತೆಗೆದರೆ ಎಲ್ಲ ಸರಿ. ರಿಪೇರಿಯವನು ಬರುತ್ತಿದ್ದ, ಮುಚ್ಚಳ ಬಿಚ್ಚುತ್ತಿದ್ದ, ಏನೂ ಇಲ್ಲ ಸಾರ್ ಅನ್ನುತ್ತಿದ್ದ. ನಾನು ಯಂತ್ರವನ್ನೂ ಅವನನ್ನೂ ಒಟ್ಟಿಗೆ ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗೇ ಹೇಳಿ ಮಾಡಿಸಿದ್ದು ಎಂದು ಆಗ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಸೂಜಿಯಕ್ಕ ತಮ್ಮ ಅತ್ತೆಯನ್ನೇ ಕರೆದುಕೊಂಡು ಬಂದರು. ಕಣ್ಣಿನ ಪೊರೆ ತೆಗೆಸಬೇಕಿತ್ತು, ಅದಕ್ಕೆ ಮುಂಚೆ ರಕ್ತಪರೀಕ್ಷೆ.

"ಊರಿಗೆಲ್ಲ ಚುಚ್ಚಿದ್ದು ಸಾಲದು ಅಂತ ಈಗ ನನ್ನ ಸರದಿ," ಎಂದರು ಅತ್ತೆ, ಕಿಟಕಿಯಲ್ಲಿ ಇಣುಕಿದ ನನಗೆ ಕೇಳುವ ಹಾಗೆ.

"ಮೂವತ್ತು ವರ್ಷ ನೀವು ಮಾತಲ್ಲಿ ಚುಚ್ಚಿಲ್ವಾ ಅತ್ತೆ? ಇದೊಂದು ಸಲ ಸುಮ್ನಿರಿ," ಎಂದು ಸೂಜಿಯಕ್ಕ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು.

ಒಂದು ಗಂಟೆಯ ಮೇಲೆ ನನ್ನ ಯಂತ್ರ ತೋರಿಸಿತು: ಪೊಟ್ಯಾಸಿಯಂ ಒಂಬತ್ತೂವರೆ. ಮತ್ತೆ ಓಡಿಸಿದೆ, ಒಂಬತ್ತೂವರೆ. ಮುಂಚಿನ ರೋಗಿಯದು ಸರಿ, ಆಮೇಲಿನವಳದೂ ಸರಿ. ನಡುವೆ ಈ ಅಜ್ಜಿ ಮಾತ್ರ ಸಾಯಬೇಕಾದವರು. ನಿಯಮದಂತೆ ಡಾಕ್ಟರಿಗೆ ಫೋನ್ ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನೇ ನಾನೂ.

ವಾರ್ಡಿಗೆ ಹೋದರೆ ಅಜ್ಜಿ ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. "ನನಗೇನಾಗಿದೆ ಅಂತ ಮಲಗಿಸಿದ್ದೀರಿ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಹೊಸದಾಗಿ ಬಂದ ಡಾಕ್ಟರಮ್ಮನ ಕೈಯಲ್ಲಿ ಒಂದು ಕಡೆ ನನ್ನ ರಿಪೋರ್ಟು, ಇನ್ನೊಂದು ಕಡೆ ಇಸಿಜಿ. ಇಸಿಜಿಯಲ್ಲಿ ಏನೂ ಏರುಪೇರಿರಲಿಲ್ಲ.

"ಯಾವುದನ್ನ ನಂಬಲಿ ನಾನು? ಪೊಟ್ಯಾಸಿಯಂ ಇಳಿಸೋ ಔಷಧಿ ಕೊಡದೇ ಇದ್ದು ರಿಪೋರ್ಟ್ ನಿಜವಾದ್ರೆ ಹೃದಯ ನಿಲ್ಲುತ್ತೆ. ಕೊಟ್ಟು ರಿಪೋರ್ಟ್ ಸುಳ್ಳಾದ್ರೆ ಸರಿಯಾಗಿರೋರನ್ನ ನಾವೇ ಕೆಡಿಸಿದ ಹಾಗೆ. ಅರ್ಧ ಗಂಟೆ ಕಾಯ್ತೀನಿ, ಅಷ್ಟೇ," ಎಂದರು.

ಸೂಜಿಯಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದರು. "ಬೆಳಿಗ್ಗೆ ನನ್ನ ಜೊತೆ ಜಗಳ ಆಡಿದಾರೆ ತಮ್ಮ. ಸಾಯೋರು ಹಾಗೆ ಜಗಳ ಆಡ್ತಾರಾ? ನಂಗೆ ಒಂದೂ ತಿಳೀತಿಲ್ಲ," ಎಂದರು. ನನಗೂ ತಲೆಬುಡ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು.

ಲ್ಯಾಬಿಗೆ ಓಡಿ ಬಂದು ಉಳಿದ ಅಂಕಿಗಳನ್ನು ನೋಡಿದೆ. ಆಗ ಕಣ್ಣಿಗೆ ಬಿತ್ತು: ಕ್ಯಾಲ್ಸಿಯಂ ನಾಲ್ಕು. ಇರಬೇಕಾದದ್ದು ಒಂಬತ್ತು. ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಅಜ್ಜಿಯ ಎರಡು ಟ್ಯೂಬುಗಳನ್ನು ಬೆಳಕಿಗೆ ಹಿಡಿದೆ. ಹಳದಿ ಮುಚ್ಚಳದ್ದು ಗೆರೆಯವರೆಗೆ ಭರ್ತಿ. ನೇರಳೆ ಮುಚ್ಚಳದ್ದು ಅರ್ಧವೂ ಇಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವುದು ಹಳದಿಯ ರಕ್ತದಲ್ಲಿ, ಅದಕ್ಕೇ ಅದನ್ನು ಮೊದಲು ತುಂಬಿಸಿ ಕಡೆಗೆ ನೇರಳೆಯನ್ನು ತುಂಬಿಸುತ್ತಾರೆ. ನೇರಳೆಯ ಒಳಗೋಡೆಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಒಂದು ಉಪ್ಪು ಸವರಿರುತ್ತಾರೆ. ಆ ಉಪ್ಪಿನಲ್ಲಿರುವುದೇ ಪೊಟ್ಯಾಸಿಯಂ. ಅದು ಮಾಡುವ ಕೆಲಸವೇ ಕ್ಯಾಲ್ಸಿಯಂ ಹಿಡಿದಿಡುವುದು. ಓದಿ ಪಾಸಾದ ಪಾಠ ಇದು. ಇಷ್ಟು ವರ್ಷ ಯಂತ್ರವನ್ನು ಬೈಯುವ ಗಡಿಬಿಡಿಯಲ್ಲಿ ಇದರ ನೆನಪೇ ಬಂದಿರಲಿಲ್ಲ.

ವಾರ್ಡಿಗೆ ಮರಳಿ ಕೇಳಿದೆ. "ಅಕ್ಕ, ನೇರಳೆಯಿಂದ ಹಳದಿಗೆ ಸುರಿದ್ರಾ?"

"ಹೂಂ, ಸುರಿದೆ," ಎಂದರು, ಕೇಳಿದ್ದೇ ವಿಚಿತ್ರ ಎಂಬಂತೆ. "ಅವಸರದಲ್ಲಿ ನೇರಳೆ ಮೊದಲು ಸಿಕ್ಕಿಸಿದ್ದೆ. ಅದು ತುಂಬ್ತು, ಹಳದಿಗೆ ಬರೋ ಹೊತ್ತಿಗೆ ನರ ಒಣಗಿತು. ಇನ್ನೊಂದು ಸಲ ಚುಚ್ಚಬೇಕಿತ್ತು. ಇವರ ಕೈ ನೋಡಿದ್ದೀಯಲ್ಲ, ಕಡ್ಡಿ. ಮುಚ್ಚಳ ತೆಗೆದು ಒಂದಿಷ್ಟು ಹಾಕಿದೆ. ಒಂದೇ ಮೈಯ ರಕ್ತ ತಾನೇ?"

ನಾನು ಉಪ್ಪಿನ ವಿಷಯ ಹೇಳಿದೆ. ಅವರು ಒಂದೊಂದೇ ಮಾತನ್ನು ಮರಳಿ ಹೇಳಿಕೊಳ್ಳುತ್ತಾ ಹೋದರು, ಲೆಕ್ಕ ತಪ್ಪಿದ ಮಗು ಬೆರಳು ಮಡಿಸುವ ಹಾಗೆ. ಗಾಜಿನ ಸಿರಿಂಜಿನ ಕಾಲದಲ್ಲಿ ಕಲಿತವರು ಅವರು. ಟ್ಯೂಬುಗಳು ಬಂದಾಗ ಯಾವ ಬಣ್ಣ ಯಾವ ಪರೀಕ್ಷೆಗೆ ಎಂದು ಹೇಳಿಕೊಟ್ಟಿದ್ದರು. ಒಳಗೇನಿದೆ ಎಂದು ಯಾರೂ ಹೇಳಿರಲಿಲ್ಲ. ಗೋಡೆಯ ಈಚೆ ಕೂತ ನಾನೂ ಹೇಳಿರಲಿಲ್ಲ.

"ಹೊಸದಾಗಿ ತೆಗೀಬೇಕು, ಬೇಗ," ಎಂದರು ಡಾಕ್ಟರಮ್ಮ.

ಸೂಜಿಯಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ನರ್ಸನ್ನ ಕರೀರಿ. ನನ್ನ ಕೈಲಾಗಲ್ಲ."

ಅಜ್ಜಿ ಇನ್ನೊಂದು ತೋಳಿನ ಸೆರಗು ಸರಿಸಿದರು. "ಬೇರೆಯವರ ಕೈಯಲ್ಲಿ ನಾನು ಚುಚ್ಚಿಸಿಕೊಳ್ಳಲ್ಲ. ನೀನೇ ಚುಚ್ಚು. ಎರಡಾಗಲಿ, ಮೂರಾಗಲಿ."

ಎರಡು ಸಲ ಚುಚ್ಚಬೇಕಾಯಿತು. ಎರಡನೆಯದಕ್ಕೆ ಅಜ್ಜಿ ತುಟಿ ಕಚ್ಚಿದರು, ಸೊಸೆಯ ಕಣ್ಣಲ್ಲಿ ನೀರು. ಹಳದಿ ಮೊದಲು, ನೇರಳೆ ಆಮೇಲೆ. ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ಎರಡು. ಔಷಧಿಯನ್ನು ವಾಪಸು ಕಪಾಟಿನಲ್ಲಿಟ್ಟರು, ಅಜ್ಜಿ ಚಪ್ಪಲಿ ಹುಡುಕತೊಡಗಿದರು. ನಾನು ಗೆದ್ದವನಂತೆ ಬೀಗುತ್ತಾ ಲ್ಯಾಬಿಗೆ ಬಂದೆ.

ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ಸೂಜಿಯಕ್ಕ ನನ್ನ ಕಡೆ ಬಂದರು. ಅವರು ಗೋಡೆಯ ಈಚೆ ಬರುವುದೇ ಅಪರೂಪ.

"ತಮ್ಮ, ಆ ದರ್ಜಿ ನೆನಪಿದೆಯಾ? ನಮಗೆ ಬಿಳಿ ಕೋಟು ಹೊಲಿದುಕೊಡ್ತಿದ್ರಲ್ಲ."

ನೆನಪಿತ್ತು. ಎರಡು ವರ್ಷದ ಹಿಂದೆ ಪೊಟ್ಯಾಸಿಯಂ ಎಂಟೂವರೆ ಎಂದು ಬಂದಿತ್ತು. ಅವನಿಗೆ ಮೊದಲೇ ಮೂತ್ರಪಿಂಡದ ಕಾಯಿಲೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಾನೂ ಯಂತ್ರವನ್ನು ಬೈಯಲಿಲ್ಲ, ಮತ್ತೊಮ್ಮೆ ರಕ್ತ ಕೇಳಲಿಲ್ಲ. ಔಷಧಿ ಏರಿಸಿದರು, ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅವನು ತಿರುಗಿ ಬರಲಿಲ್ಲ.

"ಅವರಿಗೂ ಸುರಿದಿದ್ರಾ?" ಎಂದೆ.

"ಗೊತ್ತಿಲ್ಲ. ಕೈ ಸಣ್ಣಗಿತ್ತು, ಅಷ್ಟು ನೆನಪಿದೆ. ಸುರಿದ ಹಾಗೂ ಅನಿಸುತ್ತೆ, ಇಲ್ಲ ಅಂತಲೂ ಅನಿಸುತ್ತೆ. ಬೆಳಗ್ಗಿಂದ ಅದೇ ಯೋಚನೆ ಮಾಡ್ತಿದ್ದೀನಿ. ನಿನ್ನ ಹಳೇ ರಿಜಿಸ್ಟರ್ ನೋಡು, ಅವರ ಕ್ಯಾಲ್ಸಿಯಂ ಎಷ್ಟಿತ್ತು?"

ಕಪಾಟಿನ ಮೇಲಿಂದ ರಿಜಿಸ್ಟರ್ ಇಳಿಸಿ ಪುಟ ತಿರುಗಿಸಿದೆ. ದರ್ಜಿಯ ಹೆಸರು ನನ್ನದೇ ಅಕ್ಷರದಲ್ಲಿತ್ತು, ಮುಂದೆ ಎಂಟೂವರೆ, ಕೆಳಗೆ ನನ್ನದೇ ಸಹಿ. ಕ್ಯಾಲ್ಸಿಯಂ ಸಾಲಿನಲ್ಲಿ ಒಂದು ಅಡ್ಡಗೆರೆ ಎಳೆದಿದ್ದೆ. ಡಾಕ್ಟರು ಆ ಪರೀಕ್ಷೆ ಬರೆದಿರಲಿಲ್ಲ.

"ಎಷ್ಟು?" ಎಂದು ಅವರು ಇನ್ನೊಮ್ಮೆ ಕೇಳಿದರು.

"ಮಾಡಿಲ್ಲ ಅಕ್ಕ," ಎಂದೆ.

ಅವರು ಆ ಅಡ್ಡಗೆರೆಯ ಮೇಲೆ ಬೆರಳಿಟ್ಟರು. ಮೈಮೇಲೆ ಅವನು ಹೊಲಿದ ಕೋಟೇ ಇತ್ತು.