ಮರೆಯಾದ ಅಂಚಿಗೆ ತುಂಡು ಗೆರೆ

ನಕ್ಷೆ ಬರೆಯುವವರಿಗೆ ಒಂದು ಕಟ್ಟಳೆ ಇದೆ. ಕಾಣುವ ಅಂಚಿಗೆ ಪೂರ್ತಿ ಗೆರೆ. ಮುಂದಿರುವ ವಸ್ತುವಿನಿಂದ ಮರೆಯಾದ ಅಂಚಿಗೆ ತುಂಡು ಗೆರೆ. ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಇಡೀ ನೌಕರಿ ಹಾಗೇ ಎಳೆದೆ. ಅದಕ್ಕೆ ಮುಂಚೆ ಮನುಷ್ಯರ ಚಿತ್ರ ಬರೆಯುತ್ತಿದ್ದೆ. ಆಮೇಲೆ ಗೋಡೆ, ಮೆಟ್ಟಿಲು, ಚರಂಡಿ ಅಷ್ಟೆ.

ನಿವೃತ್ತನಾಗಿ ಆರ್.ಕೆ.ಪುರಂನ ಕ್ವಾರ್ಟರ್ಸ್ ಬಿಟ್ಟು ಲಕ್ಷ್ಮೀ ನಗರದ ಬಾಡಿಗೆ ಮನೆಗೆ ಬಂದ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ. ಬೇಕಿದ್ದದ್ದು ಅಮ್ಮನ ಮುಖ. ಕೊನೆಯ ವರ್ಷಗಳನ್ನು ಆಕೆ ಆ ಕ್ವಾರ್ಟರ್ಸ್‌ನ ಕಿಟಕಿಯ ಬಳಿ ಕೂತು ಕಳೆದಳು. ಫೋಟೊ ಎಂದರೆ ಆಗುತ್ತಿರಲಿಲ್ಲ. ನಮ್ಮ ಮದುವೆಯ ಗುಂಪು ಫೋಟೊದಲ್ಲೂ ಸರಿಯಾದ ಕ್ಷಣಕ್ಕೆ ತಲೆ ತಿರುಗಿಸಿದ್ದಾಳೆ. ಮುಖವಿರಬೇಕಾದಲ್ಲಿ ಬರೀ ಮಸುಕು.

ಹಾಳೆಯ ಮೇಲೆ ಕಿಟಕಿ ಬಂತು, ಬೆತ್ತದ ಕುರ್ಚಿ ಬಂತು, ಸೆರಗೂ ಬಂತು. ಮುಖ ಶುರುವಾದೊಡನೆ ಪೆನ್ಸಿಲ್ ನಡುನಡುವೆ ತಾನಾಗಿ ಹಾಳೆಯಿಂದ ಏಳತೊಡಗಿತು. ಹಣೆ, ಕೆನ್ನೆ, ಗದ್ದ ಎಲ್ಲ ತುಂಡು ಗೆರೆ. ಹಾಳೆ ಬದಲಿಸಿದೆ. ಮತ್ತೆ ಹಾಗೇ.

“ಏನ್ರೀ ಇದು, ಅತ್ತೆ ಮುಖಕ್ಕೆ ಹೊಲಿಗೆ ಹಾಕಿದೀರಾ?” ಎಂದಳು ಹೆಂಡತಿ.

“ಕೈ ಅಭ್ಯಾಸ. ಮುಂದೆ ಏನಾದ್ರೂ ಅಡ್ಡ ಇದ್ರೆ ಹೀಗೆ ಎಳೀತೀವಿ.”

“ಅಚ್ಛಾ. ಹಾಗಾದ್ರೆ ಅತ್ತೆ ಮುಂದೆ ನಿಂತಿರೋದು ಯಾರು?”

ತಮಾಷೆಗೇ ಹೇಳಿದ್ದು. ಆದರೆ ಇಬ್ಬರೂ ಹಾಳೆಯಲ್ಲಿ ಆ ಮುಖದ ಮುಂದಿನ ಖಾಲಿ ಜಾಗವನ್ನು ನೋಡಿದೆವು.

ಒಂದು ಮಧ್ಯಾಹ್ನ ಬಸ್ಸು ಹಿಡಿದು ಹಳೆಯ ಕ್ವಾರ್ಟರ್ಸ್‌ಗೆ ಹೋದೆ. ಬಾಗಿಲು ತೆರೆದ ಪಂಜಾಬಿ ಹೆಂಗಸಿಗೆ, ಹಿಂದೆ ಇಲ್ಲಿದ್ದವನು, ಕಿಟಕಿಯ ಬಳಿ ಕೂತು ಒಂದು ಚಿತ್ರ ಬರೆದು ಹೋಗುತ್ತೇನೆ ಎಂದೆ. ಆಕೆ ನಕ್ಕು ಒಳಗೆ ಕರೆದು ಚಹಾಕ್ಕಿಟ್ಟಳು. ಎಲ್ಲವೂ ಇದ್ದ ಹಾಗೇ ಇತ್ತು: ಎತ್ತಿ ಎಳೆಯಬೇಕಾದ ಚಿಲಕ, ಕಿಟಕಿಯ ಕೆಳಗೆ ನಾನೇ ಮೆತ್ತಿದ್ದ ಸಿಮೆಂಟು. ಅಮ್ಮ ಕೂರುತ್ತಿದ್ದ ಖಾಲಿ ಜಾಗದತ್ತ ನೋಡುತ್ತ ಬರೆದೆ. ಪೆನ್ಸಿಲ್ ಒಮ್ಮೆಯೂ ಏಳಲಿಲ್ಲ. ಪೂರ್ತಿ ಗೆರೆಯಲ್ಲಿ ಅಮ್ಮ ಬಂದು ಕೂತಳು.

ಚಹಾ ತಂದ ಹೆಂಗಸು ಲೋಟ ಇಡುವುದನ್ನೇ ಮರೆತಳು. “ಅರೇ ಭಾಯಿಸಾಬ್, ಯೇ ತೋ ಹಮಾರೀ ಬೀಜೀ ಹೈಂ!” ಇದು ನಮ್ಮ ಬೀಜಿಯೇ ಎಂದಳು.

ಬೀಜಿ ಎಂದರೆ ಆಕೆಯ ಅತ್ತೆ. ಹಿಂದಿನ ಚಳಿಗಾಲದಲ್ಲಿ ಅದೇ ಕಿಟಕಿಯ ಬಳಿ ಹೋಗಿಬಿಟ್ಟರಂತೆ. ಚಿತ್ರ ಬೇಕು ಎಂದಳು. ಒಂದು ನಕಲು ತೆಗೆದು ತಂದುಕೊಡುತ್ತೇನೆ ಎಂದು ಹೊರಟೆ. ಕೆಳಗಿಳಿದು ಗೋಡೆಯ ಮೇಲಿನ ನಂಬರು ನೋಡಿದೆ. ನಮ್ಮ ಬ್ಲಾಕ್ ಅದಲ್ಲ, ಪಕ್ಕದ್ದು. ಎಲ್ಲ ಬ್ಲಾಕ್‌ಗಳೂ ಒಂದೇ ನಕ್ಷೆಯವು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಸಿಮೆಂಟು? ನನ್ನ ಬೆರಳಿನ ಗುರುತು ಕೂಡ ನೋಡಿದೆ ಎಂದು ಈಗಲೂ ಅನಿಸುತ್ತದೆ. ಅನಿಸುವುದಕ್ಕೇನು, ಅಮ್ಮನದು ಬೆತ್ತದ ಕುರ್ಚಿ ಎಂದು ಮೇಲೆ ಬರೆದೆನಲ್ಲ, ಅದು ಸ್ಟೂಲ್ ಕೂಡ ಆಗಿದ್ದಿರಬಹುದು.

ಹೆಂಡತಿ ಚಿತ್ರ ನೋಡಿದವಳೇ ಕೂತುಬಿಟ್ಟಳು. “ಅಯ್ಯೋ, ಅತ್ತೆಯೇ! ಬೈಯೋ ಮುಂಚೆ ತುಟಿ ಹೀಗೇ ಬಿಗಿ ಹಿಡೀತಿದ್ರು.”

ಬ್ಲಾಕ್ ತಪ್ಪಿದ್ದನ್ನೂ ಬೀಜಿಯ ವಿಷಯವನ್ನೂ ಹೇಳಿದೆ.

“ಹಾಗಾದ್ರೆ ಅತ್ತೆ ಅವರ ಮನೇಲಿ ಏನು ಮಾಡ್ತಿದ್ರು?”

ನಾನು ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ನಕಲು ಶುರುಮಾಡಿದೆ. ಕೆಳಗಿನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೇ ಎಳೆಯಬೇಕು, ಅಷ್ಟೆ. ಹಣೆಗೆ ಬಂದಾಗ ಪೆನ್ಸಿಲ್ ಎದ್ದಿತು. ಕೆನ್ನೆ ತುಂಡು, ಗದ್ದ ತುಂಡು.

ಹೆಂಡತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. “ಪೂರ್ತಿ ಇರೋದು ಅವರದೇ ಇರಬೇಕು. ಕೊಟ್ಟುಬಿಡಿ. ನಮ್ಮದು ಇದು.”

ಕೊಟ್ಟು ಬಂದೆ. ತುಂಡು ಗೆರೆಯದು ನಮ್ಮ ಗೋಡೆಯಲ್ಲಿದೆ. ಹೆಂಡತಿ ಬೆಳಿಗ್ಗೆ ಅದಕ್ಕೆ ಹೂವಿಡುತ್ತಾಳೆ. ಎದುರಿನಿಂದ ಕೈ ಚಾಚುವುದಿಲ್ಲ. ಮುಂದೆ ಯಾರೋ ನಿಂತಿರುವಂತೆ, ತಾಗದ ಹಾಗೆ ಪಕ್ಕದಿಂದ ಬಳಸಿ ಹೋಗುತ್ತಾಳೆ. ಈಚೆಗೆ ನಾನೂ.